ಮಾವನವರ ಉಂಗುರ, ನನ್ನ ಬೂಟು

ಚಿನ್ನ ಹುಡುಕುವವನಿಗೆ ಮೊದಲು ತಾಳ್ಮೆ ಬೇಕು ಎನ್ನುತ್ತಾರೆ. ಶುದ್ಧ ಸುಳ್ಳು. ಮೊದಲು ಬೇಕಾದದ್ದು ಹೆಂಡತಿಯ ತಮ್ಮನಿಲ್ಲದ ಹೊಲ. ಇದನ್ನು ನನಗೆ ಯಾರೂ ಮುಂಚೆ ಹೇಳಲಿಲ್ಲ. ಹೇಳಿದ್ದರೂ ಕೇಳುವ ಜಾಯಮಾನ ನನ್ನದಲ್ಲ, ಆ ಮಾತು ಬೇರೆ.

ಎಳ್ಳಮಾವಾಸ್ಯೆಗೆ ತಿಕೋಟಾದಲ್ಲಿರುವ ಹೆಂಡತಿಯ ತವರಿನ ಹೊಲಕ್ಕೆ ಹೋಗಿದ್ದೆವು. ಹಿರಿಯ ಅಳಿಯನೆಂದು ಚರಗ ಚೆಲ್ಲುವ ಗೌರವ ನನ್ನ ಪಾಲಿಗೆ ಬಂತು. ಅನ್ನ, ಕಡುಬು, ಪುಂಡಿಪಲ್ಯೆ ಎಲ್ಲ ಕಲಸಿ ಭೂತಾಯಿಗೆಂದು ಬೆಳೆಯ ಮೇಲೆ ಎರಚಬೇಕು. ವಿಜಯಪುರದ ಪೇಟೆಯವನೂ ಗಟ್ಟಿಗನೇ ಎಂದು ತೋರಿಸುವ ಹುಮ್ಮಸ್ಸಿನಲ್ಲಿ ತೋಳು ಬೀಸಿ ಎಸೆದೆ. ಅನ್ನದ ಜೊತೆ ಬೆರಳಿನ ಚಿನ್ನದ ಉಂಗುರವೂ ಹೋಯಿತು. ಟೈಫಾಯ್ಡ್ ಬಂದು ಬೆರಳು ಸೊರಗಿದ್ದು ನನಗೆ ನೆನಪಿರಲಿಲ್ಲ. ಮದುವೆಯಲ್ಲಿ ಮಾವನವರು ತಮ್ಮ ಬೆರಳಿನಿಂದಲೇ ತೆಗೆದು ತೊಡಿಸಿದ ಉಂಗುರ ಅದು. ಅವರು ಈಗಿಲ್ಲ. ಹೆಂಡತಿ ಗಿರಿಜಾ ಅಳಲಿಲ್ಲ, ಕೂಗಾಡಲಿಲ್ಲ.

"ಅಪ್ಪನ ನೆಪ್ಪಿಗಿ ಇದ್ದದ್ದು ಅದೊಂದ. ಹುಡುಕಿ ತರ್ರಿ. ಅಲ್ಲೀತನಾ ನನ್ನ ಕೂಡ ಮಾತಾಡಬ್ಯಾಡ್ರಿ" ಎಂದಳು. ಆಡಿದಂತೆಯೇ ನಡೆದಳು. ಚಹಾ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ.

ಸಿದ್ಧೇಶ್ವರ ಗುಡಿಯ ಹಿಂದಿನ ನಮ್ಮ ಮನೆಯಲ್ಲಿ ಮೊಬೈಲ್ ಹಿಡಿದು ಕೂತೆ. ಪರದೇಶದವರು ಹೊಳೆಯಲ್ಲಿ ಚಿನ್ನ ಹುಡುಕುವ ಸರಂಜಾಮೆಲ್ಲ ಅದರಲ್ಲಿತ್ತು. ಮಣ್ಣು ತೊಳೆಯುವ ಅಗಲ ತಟ್ಟೆ ಹಗುರ, ಆದರೆ ನಮ್ಮ ಎರೆಮಣ್ಣು ಅದರಲ್ಲಿ ಕಣಕದ ಹಾಗೆ ಮುದ್ದೆಯಾಗಿ ಕೂರುತ್ತದೆ. ಮಡಚುವ ತಗಡಿನ ಕಾಲುವೆ ಚೆಂದ, ಅದಕ್ಕೆ ಹರಿಯುವ ನೀರು ಬೇಕು. ಆ ಹೊಲದಲ್ಲಿ ಬೋರಿನ ನೀರೇ ಕೆಮ್ಮುತ್ತ ಬರುತ್ತದೆ. ಕೊನೆಗೆ ಸ್ಕೂಟರಿನ ಮೇಲೆ ಒಯ್ಯಬಹುದಾದ, ಲೋಹ ಸಿಕ್ಕರೆ ಕುಂಯ್‌ಗುಡುವ ಕೋಲಿನಂಥ ಯಂತ್ರ ತರಿಸಿದೆ. ಹಾವಿನ ಭಯಕ್ಕೆ ಮೊಣಕಾಲೆತ್ತರದ ಬೂಟನ್ನೂ ತರಿಸಿದೆ. ಆರಿಸುವುದರಲ್ಲಿ ನನ್ನಷ್ಟು ಜಾಣ ಇಡೀ ಜಿಲ್ಲೆಯಲ್ಲಿ ಇರಲಿಲ್ಲ.

ಭಾನುವಾರ ಹೊಲಕ್ಕೆ ಹೋದರೆ ಗಿರಿಜಾಳ ತಮ್ಮ ಮಲ್ಲು ನನ್ನ ಬೂಟು ನೋಡಿ ಬದುವಿನ ಮೇಲೆಯೇ ತಡೆದ. "ಮಾಮಾ, ಬೆಳಿ ಇದ್ದ ಹೊಲದಾಗ ಕಾಲ್ಮರಿ ಹಾಕ್ಕೊಂಡು ಇಳೀಬಾರದ್ರಿ. ಭೂತಾಯಿ ಅದಾಳ. ಬಿಚ್ಚರಿ."

"ಹಾವು ಕಡದ್ರ ಭೂತಾಯಿ ದವಾಖಾನಿಗಿ ಒಯ್ತಾಳೇನಲೇ?" ಎಂದು ಇಳಿದೇಬಿಟ್ಟೆ.

ಹೆಜ್ಜೆಹೆಜ್ಜೆಗೂ ಕುಂಯ್! ಕುಂಯ್ ಅಂದಲ್ಲೆಲ್ಲ ಅಗೆದೆ. ಒಂದು ಎತ್ತಿನ ಲಾಳ ಸಿಕ್ಕಿತು, ಅಷ್ಟೇ. ಭಾನುವಾರಗಳು ಕಳೆದವು, ಹೊಲ ಹೆಗ್ಗಣ ಹೊಕ್ಕಂತಾಯಿತು. "ಯಪ್ಪಾ, ಜ್ವಾಳ ಸಾಯಾಕತ್ತೈತಿ, ಸಾಕ ಮಾಡ್ರಿ" ಎಂದು ಮಲ್ಲು ಕೈಮುಗಿದ. ಸಾಕಾಗಿ ಯಂತ್ರವನ್ನು ಅವನ ಮನೆಯಲ್ಲೇ ಒಗೆದು ಬಂದೆ.

ಮರುವಾರ ಅವನೇ ನಮ್ಮ ಮನೆಗೆ ಬಂದ. ಬೆರಳಲ್ಲಿ ಮಾವನವರ ಉಂಗುರ!

"ಬರಿಗಾಲಲೆ ಹೋಗಿ ಯಂತ್ರ ಆಡಿಸಿದೆ. ಬದುವಿನ ಬಾಜೂಕನ ಸಿಕ್ತು. ನಿಮ್ಮ ಬೂಟಿನ ಮೂತ್ಯಾಗ ಕಬ್ಬಿಣ ಐತ್ರಿ ಮಾಮಾ. ಇಷ್ಟ ದಿನಾ ನಿಮ್ಮ ಕಾಲನ್ನ ನೀವ ಹುಡುಕೀರಿ."

ಮೈ ಉರಿಯಿತು. ಆದರೂ ಉಂಗುರಕ್ಕೆ ಕೈ ಚಾಚಿದೆ. ಅವನು ಬಿಚ್ಚಲು ಹೋದಾಗ ಗಿರಿಜಾ ಅವನ ಕೈ ಹಿಡಿದಳು. "ಇರಲಿ ಬಿಡೋ ತಮ್ಮಾ. ಅಪ್ಪನ ಕೈ ನೋಡಿದಂಗ ಆತು. ಭೂತಾಯಿ ನಿನಗ ಕೊಟ್ಟಾಳ, ನೀನ ಇಟ್ಕೋ." ಚಾಚಿದ ನನ್ನ ಕೈಗೆ ಚಹಾದ ಕಪ್ಪು ಕೊಟ್ಟಳು.

ಹುಡುಕಿ ತಂದವನು ನಾನಲ್ಲವಲ್ಲ, ಆದ್ದರಿಂದ ಮೌನ ಇನ್ನೂ ಜಾರಿಯಲ್ಲಿದೆ. ಯಂತ್ರವೂ ಮಲ್ಲುವಿನ ಹತ್ತಿರವೇ ಉಳಿಯಿತು. ನನಗೆ ದಕ್ಕಿದ್ದು ಬೂಟು. ದಿನಾ ಸಂಜೆ ಅದನ್ನು ಹಾಕಿಕೊಂಡೇ ಅಡುಗೆಮನೆಗೆ ಹೋಗಿ ನಿಲ್ಲುತ್ತೇನೆ. ಆಗ ಗಿರಿಜಾ, "ಬಿಚ್ಚರಿ ಅದನ್ನ" ಎನ್ನುತ್ತಾಳೆ. ಇಡೀ ದಿನದಲ್ಲಿ ನನ್ನ ಕೂಡ ಆಕೆ ಆಡುವ ಮಾತು ಅದೊಂದೇ. ಅದನ್ನು ಕೇಳಿ ಬಿಚ್ಚುತ್ತೇನೆ.