ಮೂರನೇ ಕ್ಲಾಸಿನ ಕೋಳಿ

ನಮ್ಮ ಕೋಳಿ ಮೂರನೇ ಕ್ಲಾಸಿನಲ್ಲಿ ಓದುತ್ತಿದೆ. ಹೆಸರು ಚುಕ್ಕಿ. ಇದರಲ್ಲಿ ಆಶ್ಚರ್ಯಪಡುವಂಥದ್ದು ಏನೂ ಇಲ್ಲ. ಎಲ್ಲ ನಿಯಮದ ಪ್ರಕಾರವೇ ನಡೆದಿದೆ.

ನನ್ನದು ಶಾಲೆಯ ಎದುರಿಗೆ ಸೈಕಲ್ ರಿಪೇರಿ ಅಂಗಡಿ. ಹಿಂದೆ ಒಂದು ರೂಮು, ಅಡಿಗೆಮನೆ. ಚುಕ್ಕಿಯನ್ನು ಮರಿಯಿಂದ ಸಾಕಿದವಳು ನನ್ನ ಹೆಂಡತಿ. ಅವಳು ಹೋದಮೇಲೆ ಮನೆಯಲ್ಲಿ ಉಳಿದದ್ದು ನಾನು, ಕೋಳಿ. ಸಂಜೆ ಕತ್ತಲಾಗುವ ಹೊತ್ತಿಗೆ ಅದು ಅಡಿಗೆಮನೆ ಹೊಸ್ತಿಲ ಮೇಲೆ ನಿಂತು, ಒಳಗೆ ನೋಡಿ ಕೂಗುತ್ತಿತ್ತು. ಅವಳನ್ನು ಕರೆಯುವುದು. ನಾನು ಕರೆಯುತ್ತಿರಲಿಲ್ಲ. ಅದು ಕರೆಯುತ್ತಿತ್ತು. ಅಷ್ಟು ಸಾಕಾಗಿತ್ತು.

ಆಗ ಶಾಲೆಗೆ ಮೇಲಿನಿಂದ ಸುತ್ತೋಲೆ ಬಂತು. ಇನ್ನು ಮುಂದೆ ಗಣಿತ ಬೇರೆ, ಭಾಷೆ ಬೇರೆ, ವಿಜ್ಞಾನ ಬೇರೆ ಎಂದು ಮಕ್ಕಳಿಗೆ ಕಲಿಸತಕ್ಕದ್ದಲ್ಲ. ಎಲ್ಲ ವಿಷಯಗಳನ್ನೂ ಒಂದೇ ಸಜೀವ ವಸ್ತುವಿನ ಮೂಲಕ ಕೂಡಿಸಿ ಕಲಿಸತಕ್ಕದ್ದು. ಸದರಿ ವಸ್ತುವನ್ನು ಶಾಲೆಯವರೇ ಹುಡುಕಿಕೊಳ್ಳತಕ್ಕದ್ದು.

ಮೂರನೇ ಕ್ಲಾಸಿನ ಟೀಚರಮ್ಮ ಸೈಕಲ್ಲಿಗೆ ಗಾಳಿ ಹೊಡೆಸಲು ಬಂದರು. ಚುಕ್ಕಿ ಹಳೇ ಟೈರಿನ ಮೇಲೆ ಕೂತಿತ್ತು.

"ಅಣ್ಣಾ, ಇದನ್ನ ಒಂದು ವಾರ ಕೊಡ್ತೀರಾ?"

"ಕೊಯ್ಯಲ್ಲ ತಾನೆ?"

"ಛೆ, ಬಿಡ್ತು ಅನ್ನಿ! ಪಾಠಕ್ಕೆ."

ಕೊಟ್ಟೆ.

ಶಾಲೆಯ ಸಾಮಾನಿನ ಲೆಕ್ಕದಲ್ಲಿ ಅದಕ್ಕೆ ಜಾಗವಿರಲಿಲ್ಲ. ಆ ಲೆಕ್ಕ ಜೀವವಿಲ್ಲದ ಮೇಜು, ಕುರ್ಚಿ, ಗ್ಲೋಬಿಗೆ ಮಾತ್ರ. ಶಾಲೆಯಲ್ಲಿ ಜೀವವಿರುವುದು ಎರಡೇ ಬಗೆ, ಸಿಬ್ಬಂದಿ ಮತ್ತು ವಿದ್ಯಾರ್ಥಿ. ಸಿಬ್ಬಂದಿಯ ಹುದ್ದೆಗಳು ಖಾಲಿ ಇದ್ದವು, ಆದರೆ ತುಂಬಲು ಅಪ್ಪಣೆ ಇರಲಿಲ್ಲ. ಆದ್ದರಿಂದ ಹೆಡ್‌ಮೇಷ್ಟ್ರು ಕೋಳಿಯನ್ನು ವಿದ್ಯಾರ್ಥಿಯಾಗಿ ಸೇರಿಸಿಕೊಂಡರು. ನನ್ನನ್ನು ಕರೆಸಿದರು.

"ತಂದೆ?"

"ನಾನೇ ಅಂತ ಬರ್ಕೊಳ್ಳಿ."

"ತಾಯಿ?"

ಹೆಂಡತಿಯ ಹೆಸರು ಹೇಳಿದೆ. ಎಷ್ಟೋ ದಿನದ ಮೇಲೆ ಆ ಹೆಸರು ಬಾಯಿಗೆ ಬಂತು.

"ಸ್ವಲ್ಪ ಜೋರಾಗಿ ಹೇಳ್ರೀ."

ಇನ್ನೊಂದು ಸಲ ಹೇಳಿದೆ.

ಪಾಠ ಕಿಟಕಿಯಿಂದ ನನಗೂ ಕಾಣುತ್ತಿತ್ತು. ಕೋಳಿಯ ಕಾಲು ಎಣಿಸಿದರು, ಗಣಿತವಾಯಿತು. ಕೋಳಿಯ ಆತ್ಮಕಥೆ ಬರೆಸಿದರು, ಭಾಷೆಯಾಯಿತು. ಅಟ್ಟಿಸಿಕೊಂಡು ಮೈದಾನ ಸುತ್ತಿದರು, ದೈಹಿಕ ಶಿಕ್ಷಣವಾಯಿತು. ಚಿತ್ರಕಲೆಯ ದಿನ ಹಾಳೆ ಸಾಲದೆ ಒಂದು ರೆಕ್ಕೆಗೇ ನೀಲಿ ಬಳಿದರು. ಸಮಾಜದ ಪಾಠಕ್ಕೆ ಅದನ್ನು ಮಾನಿಟರ್ ಚುನಾವಣೆಗೆ ನಿಲ್ಲಿಸಿದರು. ಗೆದ್ದಿತು. ಅದು ಇಟ್ಟ ಮೊಟ್ಟೆ ಕರಕುಶಲದ ಲೆಕ್ಕಕ್ಕೆ ಬಂತು. ಹೆಡ್‌ಮೇಷ್ಟ್ರು ಅವನ್ನು ಮನೆಗೆ ಒಯ್ದು ಮೌಲ್ಯಮಾಪನ ಮಾಡುತ್ತಿದ್ದರು.

ವಾರ ಕಳೆಯಿತು. ಬುಟ್ಟಿ ತೆಗೆದುಕೊಂಡು ಹೋದೆ.

"ಹಾಗೆಲ್ಲ ಬಿಡಕ್ಕಾಗಲ್ಲ," ಅಂದರು ಹೆಡ್‌ಮೇಷ್ಟ್ರು. "ಮಧ್ಯದಲ್ಲಿ ಶಾಲೆ ಬಿಡಿಸೋದು ತಪ್ಪು. ಪರೀಕ್ಷೆ ಪಾಸಾಗ್ಲಿ, ಕರ್ಕೊಂಡು ಹೋಗಿ."

"ರಾತ್ರಿಯಾದ್ರೂ ಮನೆಗೆ ಕಳಿಸಿ ಸಾರ್. ಬೇರೆ ಮಕ್ಕಳು ಹೋಗ್ತಾವಲ್ಲ."

"ಅವು ಬೆಳಿಗ್ಗೆ ತಾವಾಗೇ ಬರ್ತಾವೆ. ಇದೂ ಬರತ್ತೆ ಅಂತ ಬರೆದುಕೊಡ್ತೀರಾ?"

ಕೋಳಿಯ ಪರವಾಗಿ ಬರೆದುಕೊಡುವಷ್ಟು ನಾನು ಓದಿಲ್ಲ.

ಹೊಸ್ತಿಲು ಸುಮ್ಮನೆಯೇ ಉಳಿಯಿತು. ನಮ್ಮಕ್ಕ ಬಂದು ನೋಡಿದಳು.

"ಲೋ, ಇನ್ನೊಂದು ಕೋಳಿ ತಂದ್ರಾಯ್ತು. ಇದಕ್ಕೆ ಹಿಂಗೆ ಕೂತ್ಕೋತಾರಾ?"

"ತರಬಹುದು ಅಕ್ಕ. ಅದಕ್ಕೆ ಅವಳ ಗುರುತು ಇರಲ್ಲ."

ಅಕ್ಕ ಪಾತ್ರೆ ತೊಳೆದಿಟ್ಟು ಹೋದಳು.

ಪರೀಕ್ಷೆ ಬಂತು, ಮುಗಿಯಿತು. ಪೋಷಕರ ಸಭೆಗೆ ಹೇಳಿ ಕಳಿಸಿದರು. ಅಂಗಡಿ ಮುಚ್ಚಿ, ಕೈಯ ಗ್ರೀಸು ತಿಕ್ಕಿ ತೊಳೆದು, ಒಗೆದ ಶರ್ಟು ಹಾಕಿಕೊಂಡು ಹೋದೆ. ಬುಟ್ಟಿಯನ್ನೂ ಒಯ್ದೆ. ಮಕ್ಕಳ ಬೆಂಚಿನಲ್ಲಿ ಮಂಡಿ ಮಡಿಸಿ ಕೂತೆ. ಚುಕ್ಕಿ ಮೇಜಿನ ಮೇಲಿತ್ತು. ಸೊರಗಿಹೋಗಿತ್ತು. ರೆಕ್ಕೆಯ ನೀಲಿ ಇನ್ನೂ ಹೋಗಿರಲಿಲ್ಲ.

"ವಿಜ್ಞಾನದಲ್ಲಿ ಕ್ಲಾಸಿಗೇ ಫಸ್ಟು," ಅಂದರು ಟೀಚರಮ್ಮ. "ಏನು ತಿನ್ನುತ್ತೆ, ಹೇಗೆ ತಿನ್ನುತ್ತೆ, ಎಲ್ಲ ಮಾಡಿ ತೋರಿಸ್ತು. ಸಂಗೀತ ಪರವಾಗಿಲ್ಲ. ಗಣಿತದಲ್ಲೇ ಹೋಯ್ತು. ಎರಡು ಕಾಳಿಗೆ ಎರಡು ಕಾಳು ಕೂಡಿಸು ಅಂದ್ರೆ, ಕಾಳನ್ನೇ ತಿಂದುಬಿಡ್ತು."

"ಬೇರೆ ಎಲ್ಲದರಲ್ಲೂ ಪಾಸಲ್ವಾಮ್ಮ?"

"ಬೇರೆ ಅನ್ನೋದೇ ಇಲ್ವಲ್ಲ ಅಣ್ಣ ಈಗ! ಎಲ್ಲ ಕೂಡಿಸಿದೀವಿ. ಒಂದರಲ್ಲಿ ಹೋದ್ರೆ ಎಲ್ಲದರಲ್ಲೂ ಹೋದಂಗೆ. ಇದೇ ಕ್ಲಾಸಲ್ಲಿ ಇನ್ನೊಂದು ವರ್ಷ."

ಪಕ್ಕದ ಬೆಂಚಿನ ದರ್ಜಿ ನನ್ನ ಕಡೆ ಬಾಗಿದ. "ನಮ್ಮೋನೂ ಗಣಿತದಲ್ಲೇ. ಬೇಜಾರು ಮಾಡ್ಕೋಬೇಡಿ. ಟ್ಯೂಷನ್ನಿಗೆ ಹಾಕಿ."

ಟೀಚರಮ್ಮ ದನಿ ತಗ್ಗಿಸಿದರು. "ಇನ್ನೊಂದು ಮಾತು. ಸಂಜೆಯಾದ್ರೆ ಬಾಗಿಲ ಹತ್ರ ನಿಂತು ಒಂದೇ ಸಮ ಕೂಗತ್ತೆ. ಮನಸ್ಸು ಪಾಠದಲ್ಲಿಲ್ಲ. ಇದರ ತಾಯಿ ಸ್ವಲ್ಪ ಗಮನ ಕೊಡಬೇಕು."

"ತಾಯಿ ಇಲ್ಲಮ್ಮ."

"ಓ." ಅಂಕಪಟ್ಟಿಯನ್ನು ನನ್ನ ಕಡೆ ಸರಿಸಿದರು. "ಹಾಗಾದ್ರೆ ನೀವೇ ಕೊಡಿ."

ಆಗಲಿ ಅಂದೆ. ಖಾಲಿ ಬುಟ್ಟಿ ಎತ್ತಿಕೊಂಡು ಬಂದೆ.

ಈಗ ದಿನಾ ಸಂಜೆ ಅಂಗಡಿ ಮುಚ್ಚಿ ಶಾಲೆಗೆ ಹೋಗುತ್ತೇನೆ. ಟ್ಯೂಷನ್ ಎಂದು ಹೆಡ್‌ಮೇಷ್ಟ್ರು ಅಪ್ಪಣೆ ಕೊಟ್ಟಿದ್ದಾರೆ. ಕಾಳು ಇಟ್ಟು ಕೂಡಿಸು ಅನ್ನುತ್ತೇನೆ. ಚುಕ್ಕಿ ತಿನ್ನುತ್ತದೆ. ಕತ್ತಲಾಗುವ ಹೊತ್ತಿಗೆ ಎದ್ದು ಹೋಗಿ ಬಾಗಿಲಲ್ಲಿ ನಿಂತು ಕೂಗುತ್ತದೆ. ಪಕ್ಕದಲ್ಲಿ ನಾನೂ ನಿಲ್ಲುತ್ತೇನೆ. ಜವಾನ ಬೀಗ ಹಿಡಿದು ಕಾಯುತ್ತಾನೆ.

ಮುಂದಿನ ವರ್ಷ ಪಾಸಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಗಣಿತ ಒಂದು ಸುಧಾರಿಸಬೇಕು.