ಬದುಕಿ ಉಳಿದವರೆಲ್ಲ ಜೀವಂತ

ನನಗೆ ಬೀಡಿ, ಇಸ್ಪೀಟು ಯಾವುದೂ ಇಲ್ಲ. ಇರುವುದು ಒಂದೇ ಚಟ. ಪತ್ರಿಕೆಯವರು ಅವಸರದಲ್ಲಿ ಬರೆದ ಪೆದ್ದು ವಾಕ್ಯಗಳನ್ನು ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸುತ್ತೇನೆ. ‘ಬಾವಿಗೆ ಬಿದ್ದ ಎಮ್ಮೆ, ಬೀಳುವ ಮೊದಲು ಬಾವಿಯ ಹೊರಗಿತ್ತು.’ ‘ಮಳೆಯಾದ ಕಡೆಯಲ್ಲೆಲ್ಲ ನೆಲ ಒದ್ದೆಯಾಗಿದೆ.’ ನಿಲಕ್ಕೋಟ್ಟೈ ಹೂವಿನ ಮಾರ್ಕೆಟ್ಟಿನಲ್ಲಿ ಮಲ್ಲಿಗೆ ತೂಗುವ ನನ್ನ ಕೆಲಸ ಬೆಳಿಗ್ಗೆ ಹತ್ತಕ್ಕೆಲ್ಲ ಮುಗಿಯುತ್ತದೆ. ಆಮೇಲೆ ದಿನವಿಡೀ ನಾನು ಪಂಡಿತ.

ತಮಿಳು ಪತ್ರಿಕೆಯನ್ನು ನಮ್ಮ ಮನೆಮಾತಿನ ಕನ್ನಡಕ್ಕೆ ತಿರುಗಿಸಿ ಅತ್ತೆಗೆ ಓದಿ ಹೇಳುವುದೂ ನನ್ನ ಪಾಲಿನದೇ. ಓದು ಬಾರದ ಅತ್ತೆಗೆ ಅಚ್ಚಾದದ್ದೆಲ್ಲ ಸತ್ಯ. ಎಮ್ಮೆಯ ಸುದ್ದಿಗೆ ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರೆ, “ಸರಿಯಾಗಿ ತಾನೆ ಬರ್ದವ್ನೆ ಮಾಪ್ಳೆ, ನಗಾಕೆ ಏನೈತೆ?” ಎಂದು ಅಳಿಯನನ್ನೇ ಗದರಿದ್ದರು.

ಕಳೆದ ತಿಂಗಳು ಹೆಂಡತಿ ಈಶ್ವರಿ ಕೊಡೈಕಾನಲ್‌ನಲ್ಲಿರುವ ಅಕ್ಕನ ಮನೆಯಿಂದ ಬೆಳಗಿನ ಬಸ್ಸಿಗೆ ಹೊರಟಿದ್ದಳು. ಮಧ್ಯಾಹ್ನ ನಾನೂ ಅತ್ತೆಯೂ ಊಟಕ್ಕೆ ಕೂತಾಗ ಟಿವಿಯ ಕೆಳಗೆ ಅಕ್ಷರ ಓಡಿತು: ‘ಘಾಟ್ ರಸ್ತೆಯಲ್ಲಿ ಬಸ್ಸು ಪಲ್ಟಿ. ಬದುಕಿ ಉಳಿದವರೆಲ್ಲ ಜೀವಂತ.’ ಬೇರೆ ದಿನವಾಗಿದ್ದರೆ ಬರೆದುಕೊಳ್ಳಲು ನೋಟ್‌ಬುಕ್ಕು ಹುಡುಕುತ್ತಿದ್ದೆ. ಅಂದು ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಈಶ್ವರಿಯ ಫೋನು ಸಿಗಲಿಲ್ಲ.

“ಏನಂತೆ?” ಎಂದರು ಅತ್ತೆ. ಇದ್ದದ್ದನ್ನು ಇದ್ದಂತೆಯೇ ಹೇಳಿದೆ.

“ಎಲ್ಲಾರೂ ಜೀವಂತ ಅಂತಾನಲ್ಲ. ನೀವ್ಯಾಕೆ ತುತ್ತು ಹಿಡ್ಕಂಡು ಕುಂತಿದೀರಿ? ಸೋರು ತಿನ್ನಿ,” ಎಂದು ಅನ್ನದ ಮೇಲೆ ಇನ್ನಷ್ಟು ರಸ ಬಡಿಸಿದರು.

ಆ ವಾಕ್ಯದಲ್ಲಿ ಸತ್ತವರಿಗೂ ಜಾಗವಿದೆ ಎಂದು ಹೆತ್ತ ತಾಯಿಗೆ ಬಿಡಿಸಿ ಹೇಳುವಷ್ಟು ಪಾಂಡಿತ್ಯ ಆಗ ನನ್ನಲ್ಲಿ ಉಳಿದಿರಲಿಲ್ಲ. ಅಷ್ಟರಲ್ಲಿ ವರದಿಗಾರನೊಬ್ಬ ಏದುಸಿರು ಬಿಡುತ್ತ, “ಇಳಿದ ಪ್ರಯಾಣಿಕರು ಈಗ ಬಸ್ಸಿನೊಳಗೆ ಇಲ್ಲ” ಎಂದ. ಇಳಿದಿದ್ದಾರೆ! ಕೆಲವರಾದರೂ ಇಳಿದಿದ್ದಾರೆ. ಆ ಪುಣ್ಯಾತ್ಮನ ಮಾತನ್ನು ಮಂತ್ರದಂತೆ ಹೇಳಿಕೊಳ್ಳುತ್ತ ಬೈಕು ಹತ್ತಿ, ಬೆಟ್ಟದ ಬಸ್ಸುಗಳು ಇಳಿದು ಬರುವ ಬತ್ತಲಗುಂಡಿಗೆ ಹೋದೆ.

ಬಸ್‌ಸ್ಟ್ಯಾಂಡಿನಲ್ಲಿ ಒಂದು ಗಂಟೆ ನಿಂತಿರಬಹುದು. ಬೆಟ್ಟದಿಂದ ಇಳಿದ ಕ್ಯಾರೆಟ್ ವ್ಯಾನೊಂದರ ಮುಂದಿನ ಸೀಟಿನಿಂದ ಈಶ್ವರಿ ಇಳಿದಳು. ಬಸ್ಸು ಮರಕ್ಕೆ ಒರಗಿ ನಿಂತಿತ್ತಂತೆ, ಒಬ್ಬರಿಗೂ ಏನೂ ಆಗಿಲ್ಲವಂತೆ, ಅವಳ ಫೋನು ಮಾತ್ರ ಕಿಟಕಿಯಿಂದ ಹಾರಿಹೋಗಿತ್ತು. ನನ್ನ ಕಣ್ಣು ತುಂಬಿ ಬಂತು. ಹೇಳಬೇಕೆಂದುಕೊಂಡಿದ್ದ ಮಾತೆಲ್ಲ ಮರೆತು, “ಬಂದ್ಯಾ?” ಎಂದೆ.

“ಇಲ್ಲ, ಇನ್ನೂ ಬಸ್ಸಲ್ಲೇ ಇದೀನಿ. ಇದ್ನೂ ನಿಮ್ಮ ನೋಟ್‌ಬುಕ್ಕಲ್ಲಿ ಬರ್ಕೊಳ್ಳಿ,” ಎಂದಳು.

ಬರೆದುಕೊಂಡೆ. ಸಂಜೆ ಅತ್ತೆಗೆ ಓದಿಯೂ ಹೇಳಿದೆ: ‘ಮನೆಗೆ ಬಂದ ಈಶ್ವರಿ ಈಗ ಮನೆಯಲ್ಲಿದ್ದಾಳೆ.’

ಅತ್ತೆ ಮಗಳ ತಲೆ ಸವರುತ್ತ, “ಈಗ ತಾನೆ ನಿಮಗೂ ಸುದ್ದಿ ಬರ್ಯಾಕೆ ಬಂತು ಮಾಪ್ಳೆ,” ಎಂದರು.