ವೆಂಡೆಲಿನ್ ಅಗೆದ ಬೇರು

ಎಲ್ಲ ಶುರುವಾದದ್ದು ಒಂದು ಒಣಗಿದ ದಂಟಿನಿಂದ. ಸಂತ ಜೋಸೆಫನ ಹಬ್ಬದ ಮಧ್ಯಾಹ್ನ, ಚರ್ಚಿನಿಂದ ಬಂದ ವೆಂಡೆಲಿನ್ ಹಬ್ಬದ ಕೋಟು ಬಿಚ್ಚುತ್ತಿದ್ದಾಗ ಅವನ ಹೆಂಡತಿ ಬುರ್ಗಾ ಹಿತ್ತಲ ಶೆಡ್ಡಿನಿಂದ ಒಂದು ಗೋಣಿಚೀಲ ಹಿಡಿದು ಬಂದಳು. ಇನ್ನೊಂದು ಕೈಯಲ್ಲಿ, ಸತ್ತ ಇಲಿಯ ಬಾಲ ಹಿಡಿದ ಹಾಗೆ, ಎರಡೇ ಬೆರಳಲ್ಲಿ ಆ ದಂಟನ್ನು ಹಿಡಿದಿದ್ದಳು.

"ರೀ, ಇದು ಯಾವ ಚೀಲ?"

"ಬೇರು ತಂದ ಚೀಲ ಕಣೇ. ಹೋದ ಸೆಪ್ಟೆಂಬರಲ್ಲಿ."

"ಹಾಗಾದ್ರೆ ಇದರ ಎಲೆ ಸ್ವಲ್ಪ ನೋಡಿ."

ವೆಂಡೆಲಿನ್ ನೋಡಿದ. ಲಾರೆನ್ ಊರಿನಲ್ಲಿ ಮಕ್ಕಳು ಅಕ್ಷರಕ್ಕಿಂತ ಮೊದಲು ಕಲಿಯುವ ಪಾಠ ಒಂದಿದೆ. ಎನ್ಸಿಯಾನ್ ಗಿಡದ ಎಲೆಗಳು ಊಟಕ್ಕೆ ಕೂತ ಗಂಡ ಹೆಂಡಿರಂತೆ ಎದುರೆದುರು ಇರುತ್ತವೆ. ಗೆರ್ಮರ್ ಗಿಡದವು ಜಗಳವಾಡಿದ ಗಂಡ ಹೆಂಡಿರಂತೆ, ಒಂದು ಮೇಲೆ ಈ ಕಡೆ, ಇನ್ನೊಂದು ಕೆಳಗೆ ಆ ಕಡೆ. ಮಿಕ್ಕಿದ್ದೆಲ್ಲ ನೋಡುವವರಿಗೆ ಒಂದೇ. ಎನ್ಸಿಯಾನ್ ಬೇರನ್ನು ಮದ್ಯದಲ್ಲಿ ನೆನೆಹಾಕಿದರೆ ಹೊಟ್ಟೆನೋವಿಗೆ ಔಷಧ, ಹಬ್ಬಕ್ಕೆ ಗೌರವ. ಗೆರ್ಮರ್ ಬೇರನ್ನು ನೆನೆಹಾಕಿದರೆ ಶವಪೆಟ್ಟಿಗೆ ಮಾಡುವವನಿಗೆ ಕೆಲಸ.

ಬುರ್ಗಾಳ ಕೈಯಲ್ಲಿದ್ದ ದಂಟಿನ ಎಲೆಗಳು ಘೋರ ಜಗಳವಾಡಿಕೊಂಡಿದ್ದವು.

"ಎಷ್ಟು ಜನ ಕುಡಿದ್ರು?" ಎಂದಳು ಬುರ್ಗಾ.

"ಐದು ಜನ."

"ನೀವು?"

"ನನ್ನ ಸರದಿ ಬರೋ ಹೊತ್ತಿಗೆ ಬಾಟಲಿ ಖಾಲಿ."

ಇಲ್ಲಿ ವೆಂಡೆಲಿನ್ನನ ವಿಷಯ ಸ್ವಲ್ಪ ಹೇಳಬೇಕು. ಕಂಡಕಂಡವರೆಲ್ಲ ಅಗೆದು ಬೆಟ್ಟ ಬೋಳಾಗುತ್ತದೆಂದು ಲಾರೆನ್‌ನಲ್ಲಿ ಎನ್ಸಿಯಾನ್ ಅಗೆಯುವ ಹಕ್ಕನ್ನು ವರ್ಷಕ್ಕೊಮ್ಮೆ ಚೀಟಿ ಎತ್ತಿ ಕೆಲವೇ ಮನೆಗಳಿಗೆ ಕೊಡುತ್ತಾರೆ. ಮೊದಲ ಸಲ ಚೀಟಿ ಬಂದವನು ಮುಂದಿನ ಜೋಸೆಫನ ಹಬ್ಬದ ದಿನ ಚರ್ಚಿನ ಅಂಗಳದಲ್ಲಿ, ಆ ಬೇರು ನೆನೆಹಾಕಿದ ಬಾಟಲಿ ತೆರೆದು ಊರ ಹಿರಿಯರಿಗೆ ಸುರಿಯಬೇಕು, ತಾನು ಕೊನೆಗೆ ಕುಡಿಯಬೇಕು. ಅಂದಿನಿಂದ ಅವನು ಊರಿನ ಲೆಕ್ಕಕ್ಕೆ ಸೇರಿದ ಗಂಡಸು. ಬೆಟ್ಟದ ರೋಪ್‌ವೇ ಬಳಿ ಟಿಕೆಟ್ ಹರಿಯುವ ವೆಂಡೆಲಿನ್ ಈ ಲೆಕ್ಕಕ್ಕೆ ಸೇರಲು ತಲೆಗೂದಲು ನರೆಯುವವರೆಗೆ ಕಾದಿದ್ದ. ಅಗ್ನಿಶಾಮಕ ದಳಕ್ಕೆ ಸೇರಿದ ಮೊದಲ ದಿನವೇ ನೀರಿನ ಪೈಪನ್ನು ಬೆಂಕಿಯ ಬದಲು ದಳದ ನಾಯಕನ ಕಡೆ ತಿರುಗಿಸಿದವನು ಅವನು. ಊರು ಅದನ್ನು ಮರೆತಿರಲಿಲ್ಲ. ಹೋದ ವರ್ಷ ಚೀಟಿಯಲ್ಲಿ ಅವನ ಹೆಸರು ಬಂದಾಗ ಅಂಗಳದಲ್ಲಿ ನಿಂತವರು ಚಪ್ಪಾಳೆಗಿಂತ ಹೆಚ್ಚಾಗಿ ನಕ್ಕಿದ್ದರು.

ಆದರೆ ಇವತ್ತು ಬೆಳಗ್ಗೆ ಯಾರೂ ನಗಲಿಲ್ಲ. ಅದೇ ದಳದ ನಾಯಕ ರೋಮೆಡ್ ಒಂದೇ ಗುಟುಕಿಗೆ ಕುಡಿದು, "ಎಷ್ಟು ಮೃದುವಾಗಿದೆಯಪ್ಪಾ, ಕಹಿಯೇ ಇಲ್ಲ!" ಎಂದು ಬೆನ್ನು ತಟ್ಟಿದ್ದ. ಪಾದ್ರಿ ಫಾದರ್ ವಿಗಿಲ್ ಎರಡನೇ ಲೋಟ ಕೇಳಿ ಹಾಕಿಸಿಕೊಂಡಿದ್ದರು. ಆಗ ವೆಂಡೆಲಿನ್ನನಿಗೆ ಕಣ್ಣು ತುಂಬಿ ಬಂದಿತ್ತು. ಈಗ ಅವನು ಆ ಎರಡನೇ ಲೋಟವನ್ನೇ ಮತ್ತೆ ಮತ್ತೆ ಲೆಕ್ಕ ಹಾಕುತ್ತಿದ್ದ.

"ನಮ್ಮಜ್ಜಿ ಹೇಳ್ತಿದ್ರು," ಬುರ್ಗಾ ಕುರ್ಚಿಯ ಮೇಲೆ ಕುಸಿದಳು. "ಮೊದಲು ನಾಲಿಗೆ ಮೇಲೆ ಇರುವೆ ಹರಿದ ಹಾಗಾಗುತ್ತಂತೆ. ಆಮೇಲೆ ತುಟಿ ಜೋಮು ಹಿಡಿಯುತ್ತೆ. ವಾಂತಿ, ತಣ್ಣನೆ ಬೆವರು, ತಲೆಸುತ್ತು. ಕೊನೆಗೆ ಎದೆಬಡಿತ ನಿಧಾನ ಆಗ್ತಾ, ಆಗ್ತಾ..."

"ಸಾಕು ಕಣೇ!"

"ಡಾಕ್ಟ್ರಿಗೆ ಫೋನ್ ಮಾಡಿ ಮೊದಲು."

"ಮಾಡ್ತೀನಿ. ಒಂದ್ಸಲ ಎಲ್ಲರನ್ನೂ ನೋಡ್ಕೊಂಡು ಬಂದು ಮಾಡ್ತೀನಿ. ಏನೂ ಆಗಿಲ್ದೇ ಇದ್ರೆ ಸುಮ್ನೆ ಊರೆಲ್ಲ ಗುಲ್ಲಾಗುತ್ತೆ."

"ಐದು ಜೀವಾರೀ!"

"ಗೊತ್ತು ಕಣೇ, ಗೊತ್ತು!" ಎನ್ನುತ್ತ ವೆಂಡೆಲಿನ್ ಕೋಟಿನ ಒಂದೇ ತೋಳು ಹಾಕಿಕೊಂಡು ಹೊರಗೋಡಿದ. ಅವನಿಗೆ ಆ ಐವರ ಜೀವದ ಭಯವೂ ಇತ್ತು, ಮಾನದ ಭಯವೂ ಇತ್ತು. ಯಾವುದು ದೊಡ್ಡದೆಂದು ಕೇಳಿದರೆ ಆ ಗಳಿಗೆಯಲ್ಲಿ ನಿಜ ಹೇಳುವುದು ಕಷ್ಟವಿತ್ತು. ಅದಕ್ಕಾಗಿ ಅವನಿಗೆ ನಾಚಿಕೆಯೂ ಆಯಿತು.

ಗೇಟು ದಾಟುವಷ್ಟರಲ್ಲೇ ಪಕ್ಕದ ಮನೆಯ ಗೆಬ್‌ಹಾರ್ಟ್ ಜಗಲಿಯಿಂದ ಕೂಗಿದ. ಈ ಗೆಬ್‌ಹಾರ್ಟ್ ಬೇರು ಅಗೆಯುವುದರಲ್ಲಿ ಊರಿಗೇ ಗುರು. ಕಣ್ಣು ಕಟ್ಟಿಕೊಂಡು ಮೂಗಿನಿಂದಲೇ ಬೇರು ಗುರುತಿಸುತ್ತೇನೆಂದು ಮೂವತ್ತು ವರ್ಷದಿಂದ ಹೇಳುತ್ತ ಬಂದವನು. ಪಾಪ, ಈಚೆಗೆ ಚೀಟಿಯಲ್ಲಿ ಅವನ ಹೆಸರು ಬಂದಿರಲಿಲ್ಲ. ವೆಂಡೆಲಿನ್ನನ ಹೆಸರು ಬಂದ ದಿನದಿಂದ ಅವನಿಗೆ ಸರಿಯಾಗಿ ನಿದ್ದೆಯಿಲ್ಲವೆಂದು ಊರೇ ಹೇಳುತ್ತಿತ್ತು. ಬೆಳಗ್ಗೆ ಅಂಗಳದಲ್ಲೂ, "ಹೊಸಬರು ಮಾಡಿದ್ದು ನಾನು ಕುಡಿಯೋದಿಲ್ಲ" ಎಂದು ಲೋಟ ಮುಟ್ಟಿರಲಿಲ್ಲ.

"ಏನೋ ವೆಂಡೆಲ್, ಮುಖ ಸುಣ್ಣದ ಗೋಡೆ ಆಗಿದೆ?"

ಎಲ್ಲವನ್ನೂ ಹೇಳಿಬಿಡಬೇಕೆಂದು ವೆಂಡೆಲಿನ್ ಬಾಯಿ ತೆರೆದ. ಗೆಬ್‌ಹಾರ್ಟನ ಮುಖದಲ್ಲಿ ಆಗಲೇ ಕುಣಿಯುತ್ತಿದ್ದ ನಗು ನೋಡಿ ಮುಚ್ಚಿದ. "ಏನಿಲ್ಲ ಗೆಬ್‌ಹಾರ್ಟಣ್ಣ. ಸುಮ್ನೆ ಕೇಳ್ತೀನಿ, ಎನ್ಸಿಯಾನ್ ಬೇರು ಗುರುತಿಸೋದ್ರಲ್ಲಿ ತಪ್ಪಾಗೋಕೆ ಸಾಧ್ಯವಾ?"

"ನಿನ್ನಂಥೋರಿಗೆ ಸಾಧ್ಯ. ನನ್ನಂಥೋನಿಗೆ ಕತ್ತಲಲ್ಲಿ ಕೊಟ್ರೂ ತಪ್ಪಲ್ಲ. ಬಾ ಇಲ್ಲಿ." ಗೆಬ್‌ಹಾರ್ಟ್ ಒಳಗಿಂದ ಒಂದು ಬಾಟಲಿ ತಂದು ಎರಡು ಲೋಟಕ್ಕೆ ಸುರಿದ. "ನಂದೂ ಇವತ್ತೇ ತೆರೀತಾ ಇರೋದು. ಕುಡಿ. ನಿಜವಾದ ಬೇರು ಅಂದ್ರೇನು ಅಂತ ನಾಲಿಗೆಗೆ ಗೊತ್ತಾಗ್ಲಿ."

ಅವಸರದಲ್ಲಿದ್ದ ವೆಂಡೆಲಿನ್ ಬೇಡವೆನ್ನಲೂ ಧೈರ್ಯ ಸಾಲದೆ ಗುಟುಕರಿಸಿದ. ಕಹಿ ಹಿಮ್ಮಡಿಯವರೆಗೆ ಇಳಿಯಿತು. ಗೆಬ್‌ಹಾರ್ಟ್ ತಾನೂ ಕುಡಿದು, ಮೀಸೆ ಒರೆಸಿಕೊಂಡು, ಅವನನ್ನೇ ಆಸೆಗಣ್ಣಿನಿಂದ ನೋಡಿದ.

"ಹೇಗಿದೆ?"

"ಭಾರೀ ಚೆನ್ನಾಗಿದೆ ಅಣ್ಣ."

"ಚೆನ್ನಾಗಿರ್ಲೇಬೇಕಲ್ಲ!" ಎಂದು ಗೆಬ್‌ಹಾರ್ಟ್ ತೊಡೆ ತಟ್ಟಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಎಂದಿನಂತೆ ತನ್ನನ್ನು ನೋಡಿಯೇ ನಗುತ್ತಿದ್ದಾನೆಂದುಕೊಂಡು ವೆಂಡೆಲಿನ್ ಅಲ್ಲಿಂದ ಕಾಲ್ಕಿತ್ತ. ಹಿಂದೆ ಗೆಬ್‌ಹಾರ್ಟ್ ಇನ್ನೊಂದು ಲೋಟ ಸುರಿದುಕೊಳ್ಳುವ ಸದ್ದು ಕೇಳಿಸಿತು.

ರೋಮೆಡ್ ಹಬ್ಬದೂಟ ಮುಗಿಸಿ ಸೋಫಾದ ಮೇಲೆ ಬಾಯಿ ತೆರೆದು ಮಲಗಿದ್ದ. ವೆಂಡೆಲಿನ್ ಓಡಿಹೋಗಿ ಮಣಿಕಟ್ಟು ಹಿಡಿದು ನಾಡಿ ಹುಡುಕತೊಡಗಿದ. ನಾಯಕ ಗೊರಕೆ ನಿಲ್ಲಿಸಿ ಒಂದು ಕಣ್ಣು ಬಿಟ್ಟ.

"ಯಾಕೋ ನನ್ನ ಕೈ ಹಿಡ್ಕೊಂಡು ಕೂತಿದ್ದೀಯ?"

"ರೋಮೆಡಣ್ಣ, ನಾಲಿಗೆ ಮೇಲೆ ಇರುವೆ ಹರಿದ ಹಾಗಾಗ್ತಿದ್ಯಾ?"

"ಇಲ್ವಲ್ಲ."

"ತುಟಿ ಜೋಮು?"

"ಇಲ್ಲ. ಯಾಕೆ?"

"ಸುಮ್ನೆ. ಹಬ್ಬ ಅಲ್ವಾ, ಆರೋಗ್ಯ ವಿಚಾರಿಸೋಣ ಅಂತ."

ವೆಂಡೆಲಿನ್ ಹೊರಟ ಮೇಲೆ ರೋಮೆಡ್ ನಾಲಿಗೆಯನ್ನು ಬಾಯೊಳಗೆ ಒಮ್ಮೆ ತಿರುಗಿಸಿ ನೋಡಿದ. ಮತ್ತೊಮ್ಮೆ ತಿರುಗಿಸಿದ. ಮನುಷ್ಯ ಒಮ್ಮೆ ತನ್ನ ನಾಲಿಗೆಯ ಕಡೆ ಗಮನ ಕೊಟ್ಟರೆ ಆಮೇಲೆ ನಾಲಿಗೆ ಅವನನ್ನು ಬಿಡುವುದಿಲ್ಲ. ಕೊನೆಗೆ ಅವನು ಕನ್ನಡಿಯ ಮುಂದೆ ನಾಲಿಗೆ ಚಾಚಿ ನಿಂತ. ಆಮೇಲೆ ಬೆಳಗ್ಗೆ ತನ್ನ ಜೊತೆ ಕುಡಿದ ಬೇಕರಿಯವನಿಗೆ ಫೋನ್ ಮಾಡಿ, "ನಿನ್ನ ನಾಲಿಗೆ ಹೇಗಿದೆ?" ಎಂದು ಕೇಳಿದ. ಬೇಕರಿಯವನು ಮತ್ತಿಬ್ಬರಿಗೆ ಮಾಡಿದ.

ಇತ್ತ ವೆಂಡೆಲಿನ್ ಚರ್ಚಿನ ಮೆಟ್ಟಿಲು ಹತ್ತುವಾಗ ಅವನ ಹೊಟ್ಟೆ ತೊಳಸುತ್ತಿತ್ತು. ಬೆನ್ನಿಗೆ ತಣ್ಣನೆ ಬೆವರು. ಅವನ ಸ್ವಂತ ನಾಲಿಗೆಯೇ ಚುರುಚುರು ಎನ್ನತೊಡಗಿತ್ತು. "ಪಾಪಪ್ರಜ್ಞೆ ಅಂದ್ರೆ ಇದೇ" ಎಂದುಕೊಂಡ. ಐದು ಜನರ ನೋವು ತನ್ನೊಬ್ಬನ ಮೈಮೇಲೆ ಬರುತ್ತಿದೆಯೆಂದು ಅವನಿಗೆ ಎಲ್ಲೋ ಒಂದು ಕಡೆ ಸಮಾಧಾನವೂ ಆಯಿತು.

ಫಾದರ್ ವಿಗಿಲ್ ಪಾಪನಿವೇದನೆಯ ಗೂಡಿನಲ್ಲಿ ಕೂತಿದ್ದರು. ವೆಂಡೆಲಿನ್ ಜಾಲರಿಯ ಈಚೆ ಮಂಡಿಯೂರಿದ.

"ಫಾದರ್, ಪಾಪ ಮಾಡಿದ್ದೀನಿ."

"ಹಬ್ಬದ ದಿನಾನೂ ಬಿಡಲ್ವೇನಪ್ಪಾ? ಸರಿ, ಹೇಳು."

"ಐದು ಜನರನ್ನ ಕೊಂದಿರಬಹುದು ಫಾದರ್. ಎನ್ಸಿಯಾನ್ ಅಂದ್ಕೊಂಡು ಗೆರ್ಮರ್ ಅಗೆದುಬಿಟ್ಟೆ."

"ಅಯ್ಯೋ ದೇವರೇ! ಯಾರ್ಯಾರಪ್ಪಾ ಆ ಪಾಪದವರು?"

"ಒಬ್ಬರು ನೀವೇ."

ಜಾಲರಿಯ ಆಚೆಯಿಂದ ಸಣ್ಣ ದನಿ ಕೇಳಿತು. "ಎರಡು ಲೋಟ ಕುಡಿದೋರಿಗೆ... ಬೇಗ ಆಗುತ್ತಾ?"

ಪಾಪನಿವೇದನೆಯ ಗುಟ್ಟನ್ನು ಬಿಡಬಾರದೆಂಬ ನಿಯಮವನ್ನು ಫಾದರ್ ಪೂರ್ತಿ ಪಾಲಿಸಿದರು. ಗಂಟೆಯ ಹಗ್ಗಕ್ಕೆ ಜೋತುಬಿದ್ದು ಊರೆಲ್ಲ ಕೇಳುವಂತೆ ಬಾರಿಸುತ್ತ, "ನಾನು ಸಾಯ್ತಾ ಇದ್ದೀನಿ! ಯಾಕೆ ಅಂತ ಹೇಳೋ ಹಾಗಿಲ್ಲ!" ಎಂದಷ್ಟೇ ಕೂಗಿದರು.

ಗಂಟೆ ಬಡಿದರೆ ಲಾರೆನ್‌ನಲ್ಲಿ ಎಲ್ಲರೂ ಅಗ್ನಿಶಾಮಕ ದಳದ ಕಟ್ಟಡಕ್ಕೆ ಓಡುತ್ತಾರೆ. ಅಲ್ಲಿ ಆಗಲೇ ರೋಮೆಡ್ ಪೈಪಿನ ಸುರುಳಿಯ ಮೇಲೆ ಅಂಗಾತ ಮಲಗಿದ್ದ. ಬೇಕರಿಯವನು ಬಕೆಟ್ಟಿನೊಳಗೆ ತಲೆಯಿಟ್ಟಿದ್ದ. ಉಳಿದಿಬ್ಬರು ಒಬ್ಬರ ನಾಲಿಗೆ ಒಬ್ಬರು ನೋಡುತ್ತ ಅಳುತ್ತಿದ್ದರು. ಫಾದರನ್ನು ಇಬ್ಬರು ಎತ್ತಿಕೊಂಡು ಬಂದರು. ಒಬ್ಬಳು ಹೆಂಗಸು ಉಪ್ಪುನೀರು ಕುಡಿಸಿ ಎಂದಳು, ಇನ್ನೊಬ್ಬಳು ಹಾಲು ಎಂದಳು, ಎರಡನ್ನೂ ಕುಡಿಸಿದರು. ಅದರಿಂದ ಬಕೆಟ್ಟುಗಳು ಸಾಲದೇ ಹೋದವು.

ವೆಂಡೆಲಿನ್ ಬಾಗಿಲಲ್ಲಿ ನಿಂತು ನೋಡಿದ. ಇನ್ನು ಮಾನ ಅನ್ನುವ ಮಾತೇ ಅವನ ತಲೆಗೆ ಬರಲಿಲ್ಲ. ಈ ಐದು ಮುಖಗಳು ನಾಳೆ ಇರುವುದಿಲ್ಲವೆಂಬ ಸಂಕಟ ಮಾತ್ರ ಉಳಿಯಿತು. ಬೆಂಚು ಹತ್ತಿ ನಿಂತ.

"ಎಲ್ರೂ ಕೇಳಿ! ನಾನು ಅಗೆದದ್ದು ಗೆರ್ಮರ್! ತಪ್ಪು ನಂದು. ಯಾರಾದ್ರೂ ಡಾಕ್ಟ್ರನ್ನ ಕರೀರಿ!"

"ನಾನು ಆಗ್ಲೇ ಕರೆದಿದ್ದೀನಿ," ಎಂದಳು ಬುರ್ಗಾ ಹಿಂದಿನಿಂದ. "ನಿಮ್ಮನ್ನ ನಂಬ್ಕೊಂಡು ಕೂತಿದ್ರೆ ಆಗ್ತಿತ್ತಾ?"

ಕೆಳಗಿನ ಕಣಿವೆಯಿಂದ ಡಾಕ್ಟರ್ ಅಪೊಲೋನಿಯಾ ಬಂದಿಳಿದಳು. ಗಟ್ಟಿ ಹೆಂಗಸು, ಒಬ್ಬೊಬ್ಬರ ಕೈಹಿಡಿದು, ಕಣ್ಣು ನೋಡಿ, ಎದೆಗೆ ಕಿವಿಗೊಟ್ಟು, ಹುಬ್ಬು ಗಂಟಿಕ್ಕಿದಳು.

"ಗೆರ್ಮರ್ ವಿಷ ಎದೆಬಡಿತಾನ ನಿಧಾನ ಮಾಡುತ್ತೆ, ರಕ್ತದೊತ್ತಡ ಇಳಿಸುತ್ತೆ," ಎಂದಳು. "ಇವರದ್ದು ಕುದುರೆ ಓಡಿದ ಹಾಗೆ ಓಡ್ತಾ ಇದೆ. ಇವರಿಗೆ ಆಗಿರೋದು ಹೆದರಿಕೆ. ಅದರ ಮೇಲೆ ಹಾಲು, ಉಪ್ಪುನೀರು. ಎಲ್ಲಿ ಆ ಬಾಟಲಿ?"

ಬುರ್ಗಾ ಖಾಲಿ ಬಾಟಲಿ ಕೊಟ್ಟಳು. ಡಾಕ್ಟರ್ ತಳದಲ್ಲಿ ನೆನೆದಿದ್ದ ಬೇರಿನ ತುಂಡೊಂದನ್ನು ಇಕ್ಕಳದಲ್ಲಿ ತೆಗೆದು ಬೆಳಕಿಗೆ ಹಿಡಿದು, ಮೂಸಿ ನೋಡಿದಳು. "ಎನ್ಸಿಯಾನ್ ಅಲ್ಲ. ಗೆರ್ಮರೂ ಅಲ್ಲ. ಇದು ಹಂದಿಗೆ ಹಾಕೋ ಟರ್ನಿಪ್ ಗಡ್ಡೆ ಕಣ್ರೀ!"

ಸಾಯುತ್ತಿದ್ದ ಐವರೂ ಎದ್ದು ಕೂತರು. ವೆಂಡೆಲಿನ್ನನಿಗೆ ಅರ್ಥವಾದದ್ದು ಒಂದೇ: ಯಾರೂ ಸಾಯುವುದಿಲ್ಲ. ಟರ್ನಿಪ್ ಹೇಗೆ ಬಂತೆಂದು ಯೋಚಿಸುವಷ್ಟು ಬುದ್ಧಿ ಅವನಲ್ಲಿ ಉಳಿದಿರಲಿಲ್ಲ. ಆನಂದಕ್ಕೆ ಗಟ್ಟಿಯಾಗಿ ಅತ್ತ. ಅಳುತ್ತಳುತ್ತಲೇ ಕಟ್ಟಡವೆಲ್ಲ ಕಣ್ಣೆದುರು ಗಿರ್ರನೆ ತಿರುಗತೊಡಗಿ, ಬೆಂಚಿನಿಂದ ಮೂಟೆಯಂತೆ ಉರುಳಿದ.

ಡಾಕ್ಟರ್ ಅವನ ಮಣಿಕಟ್ಟು ಹಿಡಿದಳು. ಕಾದಳು. ಮುಖ ಬದಲಾಯಿತು.

"ಇವರು ಏನು ಕುಡಿದ್ರು?"

"ಇವನು ಕುಡೀಲೇ ಇಲ್ಲ ಡಾಕ್ಟ್ರೇ," ಎಂದ ರೋಮೆಡ್. "ಬಾಟಲಿ ಖಾಲಿಯಾಗಿತ್ತು."

"ಇವರ ಹೃದಯ ನಿಲ್ಲೋ ಹಾಗಿದೆ! ರೀ, ಎಚ್ಚರ ಇದ್ಯಾ? ಏನು ಕುಡಿದ್ರಿ?"

ಜೋಮು ಹಿಡಿದ ತುಟಿಗಳಿಂದ ವೆಂಡೆಲಿನ್ ತೊದಲಿದ. "ಗೆಬ್‌ಹಾರ್ಟಣ್ಣನ ಮನೇಲಿ... ಒಂದು ಲೋಟ... ಭಾರೀ ಚೆನ್ನಾಗಿತ್ತು..."

ನಾಲ್ಕು ಜನ ಓಡಿದರು. ಜಗಲಿಯಲ್ಲಿ ಹಸಿರುಗಟ್ಟಿ ಬಿದ್ದಿದ್ದ ಗೆಬ್‌ಹಾರ್ಟನನ್ನು ಬಾಗಿಲ ಹಲಗೆಯ ಮೇಲೆ ಹೊತ್ತು ತಂದರು. ತಾನು ಸತ್ತೇ ಹೋಗುತ್ತೇನೆಂದು ತಿಳಿದ ಅವನು ಫಾದರನ್ನು ಕಂಡೊಡನೆ, ಗೂಡೂ ಬೇಡ ಜಾಲರಿಯೂ ಬೇಡ, ಎಲ್ಲರೆದುರೇ ಒದರಿಬಿಟ್ಟ.

"ಫಾದರ್, ಕದ್ದೆ! ಇವನು ಹೆಚ್ಚಿ ಒಣಗಿಸಿದ್ದ ಬೇರನ್ನ ಕತ್ತಲಲ್ಲಿ ಹೋಗಿ ಕದ್ದೆ! ಈ ಪೆದ್ದನ ಕೈಗೆ ಸಿಕ್ಕಿದ ಒಳ್ಳೇ ಬೇರು ಹಾಳಾಗುತ್ತಲ್ಲ ಅಂತ ಹೊಟ್ಟೆ ಉರೀತು. ಅದರ ಜಾಗಕ್ಕೆ ನಮ್ಮ ಹಂದಿ ಗಡ್ಡೆ ಹಾಕಿ ಬಂದೆ!"

ಎದೆಯನ್ನು ಎಬ್ಬಿಸುವ ಇಂಜೆಕ್ಷನ್ ಇಬ್ಬರಿಗೂ ಬಿತ್ತು. ಇಬ್ಬರನ್ನೂ ಒಂದೇ ಹೆಲಿಕಾಪ್ಟರಿನಲ್ಲಿ ಪಟ್ಟಣದ ಆಸ್ಪತ್ರೆಗೆ ಸಾಗಿಸಿ, ಒಂದೇ ಕೋಣೆಯ ಅಕ್ಕಪಕ್ಕದ ಮಂಚಗಳಲ್ಲಿ ಮಲಗಿಸಿದರು. ಬದುಕಿಕೊಂಡರು. ಎಚ್ಚರವಾದಾಗ ವೆಂಡೆಲಿನ್ನನಿಗೆ ಮೊದಲು ಬಂದ ಯೋಚನೆ, ಇನ್ನು ಊರಿಗೆ ನಿಜ ಗೊತ್ತಾಯಿತಲ್ಲ, ಕಳ್ಳನ ಕಥೆ ಮುಗಿಯಿತು ಎಂಬುದು. ಎಷ್ಟೋ ವರ್ಷಗಳಲ್ಲಿ ಮೊದಲ ಬಾರಿಗೆ ಅವನಿಗೆ ಗೆಬ್‌ಹಾರ್ಟನ ಮೇಲೆ ಕನಿಕರ ಹುಟ್ಟಿತು.

ಮಾರನೆಯ ದಿನ ಲಾರೆನ್ ಊರು ಆಸ್ಪತ್ರೆಗೆ ಬಂತು. ಮುಂದೆ ಫಾದರ್ ವಿಗಿಲ್, ಅವರ ಹಿಂದೆ ಬೇಕರಿಯವನು ದೊಡ್ಡ ಕೇಕು ಹಿಡಿದು, ಅವನ ಹಿಂದೆ ರೋಮೆಡ್ ಹೂಗುಚ್ಛ ಹಿಡಿದು. ವೆಂಡೆಲಿನ್ ದಿಂಬಿಗೊರಗಿ ಎದ್ದು ಕೂತು ಕೂದಲು ಸವರಿಕೊಂಡ. ಮೆರವಣಿಗೆ ಅವನ ಮಂಚವನ್ನು ದಾಟಿ ಮುಂದೆ ಹೋಯಿತು.

"ಗೆಬ್‌ಹಾರ್ಟ್," ರೋಮೆಡ್ ಹೂಗುಚ್ಛವನ್ನು ಅವನ ಎದೆಯ ಮೇಲಿಟ್ಟ, "ನೀನು ಕದೀದೇ ಇದ್ದಿದ್ರೆ ನಾವು ಐದೂ ಜನ ಇವತ್ತು ಮಣ್ಣಲ್ಲಿರ್ತಿದ್ವಿ. ನಮ್ಮ ಪಾಲಿನ ವಿಷಾನ ನೀನು ಕುಡಿದೆಯಲ್ಲಪ್ಪಾ!"

ಫಾದರ್ ಎರಡು ಬಾರಿ ಆಶೀರ್ವಾದ ಮಾಡಿದರು, ಲೋಟಕ್ಕೊಂದರಂತೆ. ಇನ್ನು ಮುಂದೆ ಗೆಬ್‌ಹಾರ್ಟ್ ಬದುಕಿರುವವರೆಗೆ ಚೀಟಿಯೆತ್ತದೆ ಅಗೆಯಬಹುದೆಂದೂ, ವೆಂಡೆಲಿನ್ನನ ಹೆಸರು ಚೀಟಿಗೆ ಇನ್ನು ಬರಕೂಡದೆಂದೂ ಊರು ತೀರ್ಮಾನಿಸಿದ್ದನ್ನು ತಿಳಿಸಿದರು. ಬುರ್ಗಾ ಬಾಯಿ ತೆರೆದಳು. ಊರೆಲ್ಲ ಅವಳ ಕಡೆ ತಿರುಗಿ ನೋಡಿದ್ದಕ್ಕೆ ಮುಚ್ಚಿದಳು.

ಆಮೇಲೆ ರೋಮೆಡ್ ವೆಂಡೆಲಿನ್ನನ ಕಡೆ ತಿರುಗಿದ. "ನೋಡ್ತಾ ಕೂತಿದ್ದೀಯಲ್ಲೋ? ಐದು ಕೊಲೆ ತಪ್ಪಿಸಿದಾನೆ ನಿನಗೆ. ಒಂದು ಥ್ಯಾಂಕ್ಸ್ ಆದ್ರೂ ಹೇಳು!"

ವೆಂಡೆಲಿನ್ ಪಕ್ಕದ ಮಂಚದತ್ತ ಕೈ ಚಾಚಿದ. "ಥ್ಯಾಂಕ್ಸ್ ಗೆಬ್‌ಹಾರ್ಟಣ್ಣ" ಎಂದ.

ಗೆಬ್‌ಹಾರ್ಟ್ ಕೇಕಿನ ತುಂಡು ಬಾಯಲ್ಲಿಟ್ಟುಕೊಂಡೇ ಆ ಕೈಯನ್ನು ದೊಡ್ಡ ಮನಸ್ಸಿನಿಂದ ಕುಲುಕಿದ.

"ಇರ್ಲಿ ಬಿಡಪ್ಪಾ. ಇನ್ನು ಮೇಲಾದ್ರೂ ಸರಿಯಾಗಿ ನೋಡ್ಕೊಂಡು ಅಗಿ. ಕದಿಯೋರ ಕಷ್ಟಾನೂ ಸ್ವಲ್ಪ ಯೋಚನೆ ಮಾಡು."